ಗೌನು ಯಾರ ಮೈಮೇಲೆ, ಕೀಲಿಕೈ ಯಾರ ಸೊಂಟದಲ್ಲಿ?

(ಬೆಳಗಾವಿ ಮೇಯರ್ ಚುನಾವಣೆಗಳ ಬಗ್ಗೆ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನ್ನನ್ನು ಭಾಷಣಕ್ಕೆ ಕರೆದವರು "ಮೇಯರ್ ಚುನಾವಣೆ ಬಗ್ಗೆ ಸ್ವಲ್ಪ ಬಿಸಿಯಾಗಿ ಮಾತಾಡಿ" ಎಂದಿದ್ದರು. ಬಿಸಿ ಮಾತು ನನಗೂ ಬರುತ್ತದೆ. ಮೂವತ್ತು ವರ್ಷ ಅದನ್ನೇ ಆಡಿದ್ದೇನೆ. ಇವತ್ತು ಮಾತ್ರ ಲೆಕ್ಕ ಒಪ್ಪಿಸಲು ಬಂದಿದ್ದೇನೆ. ಲೆಕ್ಕ ಕೇಳುವಾಗ ಚಪ್ಪಾಳೆ ಬೀಳುವುದಿಲ್ಲ, ಅದು ನನಗೆ ಗೊತ್ತು. ಆದರೂ ಕೇಳಿ.

2018ರ ಮಾರ್ಚ್ ತಿಂಗಳು. ಬೆಳಗಾವಿ ಪಾಲಿಕೆಗೆ ಕನ್ನಡಿಗ ಬಸಪ್ಪ ಚಿಕ್ಕಲದಿನ್ನಿಯವರು ಮೇಯರ್ ಆದರು. ನಾವು ಏನು ಕುಣಿದೆವು! ಗುಲಾಲು ಎರಚಿದೆವು, ಪೇಢೆ ಹಂಚಿದೆವು, ಪಟಾಕಿ ಸರ ಹಚ್ಚಿದೆವು. ಹಳದಿ ಕೆಂಪು ಶಲ್ಯ ಹೊದ್ದು ನಾನೂ ಆ ಗುಂಪಿನಲ್ಲಿದ್ದೆ. ಪಕ್ಕದಲ್ಲೇ ಕಾಯಿಪಲ್ಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿಗೆ ಪೇಢೆ ಕೊಡಲು ಹೋದೆ. ಆಕೆ ಪೇಢೆ ಸೆರಗಿಗೆ ಕಟ್ಟಿಕೊಂಡು ಕೇಳಿದಳು: "ಯಪ್ಪಾ, ನಮ್ಮ ಮೇಯರ್ ಆದ್ರು ಅಂತೀರಿ, ಚೊಲೋ ಆತು. ಇನ್ನ ಮ್ಯಾಲ ನಮ್ಮ ಓಣಿ ನಳದ ಮಾತು ಯಾರ ಮುಂದ ಆಡಬೇಕೋ? ಮೇಯರ್ ಮುಂದೋ, ಇಂಜಿನಿಯರ್ ಮುಂದೋ, ಎಮ್ಮೆಲ್ಲೆ ಮುಂದೋ?"

ನನಗೆ ಉತ್ತರ ಗೊತ್ತಿರಲಿಲ್ಲ. ಕನ್ನಡ ಮೇಯರ್ ಬೇಕೆಂದು ಅಷ್ಟು ವರ್ಷ ಗಂಟಲು ಹರಿದುಕೊಂಡ ನನಗೆ, ಆ ಮೇಯರ್ ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದೇ ತಿಳಿದಿರಲಿಲ್ಲ. ಅವತ್ತಿನ ನಾಚಿಕೆಯೇ ಇವತ್ತಿನ ಈ ಮಾತಿಗೆ ಕಾರಣ.

ಗೆದ್ದದ್ದು ಹೇಗೆ?

ಮೊದಲು ಆ 2018ರ ಗೆಲುವನ್ನೇ ಬಿಚ್ಚಿ ನೋಡೋಣ. ಬೆಳಗಾವಿ ಪಾಲಿಕೆಯಲ್ಲಿ 58 ವಾರ್ಡು. ಆಗಿನ ಪರಿಷತ್ತಿನಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ, ಅಂದರೆ ಎಂಇಎಸ್ ಕಡೆಯವರು 32. ಕನ್ನಡ ಮತ್ತು ಉರ್ದು ಮಾತಾಡುವ ಸದಸ್ಯರು ಸೇರಿ 26. ಕೈ ಎತ್ತಿ ಮತ ಹಾಕುವ ಸಭೆಯಲ್ಲಿ 26 ಜನ 32 ಜನರನ್ನು ಸೋಲಿಸಿದ್ದು ಹೇಗೆ?

ಸೋಲಿಸಲೇ ಇಲ್ಲ, ಬಂಧುಗಳೇ. ಆ ವರ್ಷ ಮೇಯರ್ ಸ್ಥಾನದ ಮೀಸಲಾತಿ ಪರಿಶಿಷ್ಟ ಪಂಗಡಕ್ಕೆ ಬಂದಿತ್ತು. ಇಡೀ ಪರಿಷತ್ತಿನಲ್ಲಿ ಪರಿಶಿಷ್ಟ ಪಂಗಡದ ಸದಸ್ಯರು ಇದ್ದದ್ದೇ ಇಬ್ಬರು. ಇಬ್ಬರೂ ಕನ್ನಡ ಗುಂಪಿನವರು. ಎಂಇಎಸ್ ಹತ್ತಿರ ಬಹುಮತವಿತ್ತು, ನಿಲ್ಲಿಸಲು ಅಭ್ಯರ್ಥಿ ಇರಲಿಲ್ಲ. ಉಪಮೇಯರ್ ಸ್ಥಾನ ಅವರಿಗೇ ಹೋಯಿತು.

ಚಿಕ್ಕಲದಿನ್ನಿಯವರನ್ನು ಕಡಿಮೆ ಮಾಡಲು ನಾನು ಇದನ್ನು ಹೇಳುತ್ತಿಲ್ಲ. ಹಿಂದುಳಿದ ಸಮುದಾಯದ ಒಬ್ಬ ಕನ್ನಡಿಗ ಆ ಕುರ್ಚಿಯಲ್ಲಿ ಕೂತದ್ದು ಹೆಮ್ಮೆಯ ಮಾತೇ. ಅದನ್ನು ಕೊಟ್ಟದ್ದು ಸಂವಿಧಾನದ ಮೀಸಲಾತಿ. ನಮ್ಮ ಸಂಘಟನೆಯಲ್ಲ, ನಮ್ಮ ಘೋಷಣೆಯಲ್ಲ, ನಮ್ಮ ಪಟಾಕಿಯಂತೂ ಅಲ್ಲವೇ ಅಲ್ಲ. ಮಳೆ ಬಂದ ಮೇಲೆ ಕಪ್ಪೆ ತಾನೇ ಮಳೆ ತರಿಸಿದೆ ಎಂದಂತೆ ನಾವು ಮೆರೆದೆವು.

1990ರ ದಶಕದ ಆರಂಭದಲ್ಲಿ ಸಿದ್ದನಗೌಡ ಪಾಟೀಲರು ಬೆಳಗಾವಿಯ ಮೊದಲ ಕನ್ನಡ ಮೇಯರ್ ಆದರು. ಆ ಕಾಲದಲ್ಲಿ ಅದು ಸಣ್ಣ ಸಾಧನೆಯಾಗಿರಲಿಲ್ಲ. ಆದರೆ ಅಂಥ ಒಂದೊಂದು ಹೆಸರನ್ನು ಬೆರಳಿನಲ್ಲಿ ಎಣಿಸುತ್ತ ಕೂತ ನಾವು, ಆ ಹೆಸರಿನ ಹಿಂದೆ ವಾರ್ಡು ವಾರ್ಡಿನಲ್ಲೂ ಜನ ಕಟ್ಟಬೇಕಿತ್ತು ಎಂಬುದನ್ನು ಮರೆತೆವು.

ಮೇಯರ್ ಹೇಗೆ ಆಗುತ್ತಾರೆ?

ಇದನ್ನು ಎಷ್ಟು ಜನ ಓದಿದ್ದೀರಿ? ನಾನು ಐವತ್ತು ದಾಟಿದ ಮೇಲೆ ಓದಿದೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯಿದೆ ಎಂದು ಒಂದು ಇದೆ. ಅದರ ಪ್ರಕಾರ ಮೇಯರನ್ನು ಜನ ನೇರವಾಗಿ ಆರಿಸುವುದಿಲ್ಲ. ನೀವು ಆರಿಸುವುದು ನಿಮ್ಮ ವಾರ್ಡಿನ ಸದಸ್ಯರನ್ನು. ಆ ಸದಸ್ಯರು ಮೇಯರನ್ನು ಆರಿಸುತ್ತಾರೆ. ಅವರ ಜೊತೆ ನಗರದ ಶಾಸಕರು ಮತ್ತು ಸಂಸದರಿಗೂ ಮತವಿದೆ. ನಗರದ ಮತದಾರರಾಗಿ ಹೆಸರು ಬರೆಸಿದ ವಿಧಾನ ಪರಿಷತ್ತು, ರಾಜ್ಯಸಭೆಯ ಸದಸ್ಯರಿಗೂ ಮತವಿದೆ. ಸರ್ಕಾರ ನಾಮಕರಣ ಮಾಡಿದವರು ಸಭೆಯಲ್ಲಿ ಕೂರಬಹುದು, ಮತ ಹಾಕುವಂತಿಲ್ಲ. ಚುನಾವಣೆ ನಡೆಸುವವರು ಪ್ರಾದೇಶಿಕ ಆಯುಕ್ತರು. ಈ ಕಾಯಿದೆಯಲ್ಲಿ ಮೇಯರ್ ಅವಧಿ ಒಂದೇ ವರ್ಷ. ಸ್ಥಾನ ಯಾವ ವರ್ಗಕ್ಕೆ ಎಂಬುದು ಸರದಿಯ ಮೀಸಲಾತಿಯಿಂದ ತೀರ್ಮಾನವಾಗುತ್ತದೆ.

ಒಂದು ವರ್ಷ! ಮನೆಗೆ ಬಂದ ಹೊಸ ಸೊಸೆಗೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ತಿಳಿಯಲೂ ಅಷ್ಟು ದಿನ ಬೇಕು. ಮೇಯರ್ ಬಜೆಟ್ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಬೀಳ್ಕೊಡುಗೆಯ ಹಾರ ಬಂದಿರುತ್ತದೆ.

ಇನ್ನು ಆಡಳಿತದ ಅಧಿಕಾರ ಯಾರದು? ಆಯುಕ್ತರದು. ಅವರನ್ನು ಕಳಿಸುವುದು ರಾಜ್ಯ ಸರ್ಕಾರ. ಮೇಯರ್ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ, ಗೌನು ತೊಡುತ್ತಾರೆ, ಗಣ್ಯರನ್ನು ಸ್ವಾಗತಿಸುತ್ತಾರೆ. ಕಡತ ಓಡುವುದು ಬೇರೆ ದಾರಿಯಲ್ಲಿ. ಅದರ ನಡುವೆ ನಾಲ್ಕು ಸ್ಥಾಯಿ ಸಮಿತಿಗಳಿವೆ: ತೆರಿಗೆ ಮತ್ತು ಹಣಕಾಸಿನದು ಒಂದು, ಆರೋಗ್ಯ ಮತ್ತು ಶಿಕ್ಷಣದ್ದು ಒಂದು, ನಗರ ಯೋಜನೆಯದು ಒಂದು, ಲೆಕ್ಕಪತ್ರದ್ದು ಒಂದು. ಈ ಸಮಿತಿಗಳಲ್ಲಿ ಯಾರು ಕೂತರು ಎಂದು ನಮ್ಮ ಯಾವ ಸಂಘಟನೆಯಾದರೂ ಒಂದು ದಿನ ಕೇಳಿದೆಯೇ? ಮೇಯರ್ ಯಾವ ಭಾಷೆಯವರು ಎಂದು ಕೇಳಿದೆವು. ಹಣಕಾಸು ಸಮಿತಿಯ ಅಧ್ಯಕ್ಷರು ಯಾರು ಎಂದು ಕೇಳಲಿಲ್ಲ. ಗೌನು ಯಾರ ಮೈಮೇಲಿದೆ ಎಂದು ನೋಡಿದೆವು, ಕೀಲಿಕೈ ಯಾರ ಸೊಂಟದಲ್ಲಿದೆ ಎಂದು ನೋಡಲಿಲ್ಲ.

ಮಸಿ, ವಿಸರ್ಜನೆ, ಮತ್ತೆ ಅದೇ

ಹಳೆಯ ಕಥೆಯನ್ನೂ ಒಮ್ಮೆ ನೆನೆಯಬೇಕು. 1956ರ ನವೆಂಬರ್ 1ರಂದು ಬೆಳಗಾವಿ ನಮ್ಮ ರಾಜ್ಯಕ್ಕೆ ಸೇರಿತು. ಮಹಾರಾಷ್ಟ್ರ ಒಪ್ಪಲಿಲ್ಲ. 1966ರಲ್ಲಿ ಮಹಾಜನ್ ಆಯೋಗ ಬಂತು. 1967ರಲ್ಲಿ ವರದಿ ಕೊಟ್ಟು, ಬೆಳಗಾವಿ ನಗರ ಕರ್ನಾಟಕದಲ್ಲೇ ಇರಲಿ ಎಂದಿತು. ಆಯೋಗ ಬೇಕೆಂದು ಹಟ ಹಿಡಿದವರೇ ವರದಿಯನ್ನು ತಳ್ಳಿಹಾಕಿದರು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು.

ಇಷ್ಟೂ ಕಾಲ ಎಂಇಎಸ್‌ಗೆ ಪಾಲಿಕೆ ಒಂದು ಕಹಳೆಯಾಗಿತ್ತು. ಚರಂಡಿ, ದೀಪ, ಕಸ ನೋಡಲು ಆರಿಸಿದ ಸಭೆಯಲ್ಲಿ ಗಡಿಯ ಗೊತ್ತುವಳಿ. 2005ರಲ್ಲಿ, ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಪರಿಷತ್ತಿನಲ್ಲಿ ಗೊತ್ತುವಳಿ ಮಾಡಿದರು. ರಾಜ್ಯವೇ ಕೊಟ್ಟ ಕಾಯಿದೆಯ ಕೆಳಗೆ ಕೂತು ರಾಜ್ಯವನ್ನೇ ಒಡೆಯುವ ಮಾತು. ಅದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆ ನವೆಂಬರಿನಲ್ಲಿ ಬೆಂಗಳೂರಿಗೆ ಬಂದ ಆಗಿನ ಮೇಯರ್ ಮುಖಕ್ಕೆ ಕನ್ನಡ ಕಾರ್ಯಕರ್ತರು ಮಸಿ ಬಳಿದರು. ಸರ್ಕಾರ ಪರಿಷತ್ತನ್ನು ವಿಸರ್ಜಿಸಿತು.

ಅವತ್ತು ನಾನು ಚಪ್ಪಾಳೆ ತಟ್ಟಿದೆ. ಇವತ್ತು ತಟ್ಟುವುದಿಲ್ಲ. ಏಕೆ ಎಂದು ಹೇಳುತ್ತೇನೆ, ಸಿಟ್ಟಾಗಬೇಡಿ. ಆ ಮಸಿ ಮಹಾರಾಷ್ಟ್ರದ ಪತ್ರಿಕೆಗಳಿಗೆ ಹಬ್ಬದೂಟವಾಯಿತು. ಗೊತ್ತುವಳಿ ಮಾಡಿದವರು ತಪ್ಪಿತಸ್ಥರ ಕಟಕಟೆಯಲ್ಲಿ ನಿಂತಿದ್ದರು. ನಾವೇ ಅವರನ್ನು ಇಳಿಸಿ ಹುತಾತ್ಮರ ಪೀಠದ ಮೇಲೆ ಕೂರಿಸಿದೆವು. ನ್ಯಾಯ ನಮ್ಮ ಕಡೆ ಇದ್ದಾಗ ಕೈ ಮಾಡುವವನು ತನ್ನ ಸಾಕ್ಷಿಯನ್ನು ತಾನೇ ಕೊಂದುಕೊಳ್ಳುತ್ತಾನೆ.

2011ರಲ್ಲಿ ಮತ್ತೆ ಅದೇ. ರಾಜ್ಯೋತ್ಸವದ ದಿನ ಕರಾಳ ದಿನಾಚರಣೆಯ ಮೆರವಣಿಗೆಗೆ ಮೇಯರ್, ಉಪಮೇಯರ್ ಹೋದರು. ಡಿಸೆಂಬರಿನಲ್ಲಿ ಸರ್ಕಾರ ಪರಿಷತ್ತನ್ನು ವಿಸರ್ಜಿಸಿತು. ನಾವು ಸಿಹಿ ಹಂಚಿದೆವು. ಮುಂದಿನ ಪಾಲಿಕೆ ಚುನಾವಣೆ ನಡೆದದ್ದು 2013ರ ಮಾರ್ಚಿನಲ್ಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿ. ಆ ಚುನಾವಣೆಯಲ್ಲಿ ಗೆದ್ದು ಬಂದವರು ಎಷ್ಟು? ಅದೇ 32 ಎಂಇಎಸ್!

ಈಗ ಹೇಳಿ, ವಿಸರ್ಜನೆಯಿಂದ ಕನ್ನಡಕ್ಕೆ ಏನು ಸಿಕ್ಕಿತು? ವಿಧಾನಸೌಧದ ಆದೇಶದಿಂದ ಕುರ್ಚಿ ಕಿತ್ತುಕೊಳ್ಳಬಹುದು. ಮತದಾರನ ಮನಸ್ಸು ಕಿತ್ತುಕೊಳ್ಳಲು ಆಗುತ್ತದೆಯೇ? ಅದಕ್ಕೆ ಅವನ ಮನೆ ಬಾಗಿಲಿಗೇ ಹೋಗಬೇಕು. ನಾವು ಹೋಗಲಿಲ್ಲ.

2021ರಲ್ಲಿ ಸೋಲಿಸಿದ್ದು ಯಾರು?

2021ರ ಸೆಪ್ಟೆಂಬರ್. ಬೆಳಗಾವಿಯಲ್ಲಿ ಮೊದಲ ಬಾರಿಗೆ ಪಕ್ಷದ ಚಿಹ್ನೆಯ ಮೇಲೆ ಪಾಲಿಕೆ ಚುನಾವಣೆ. ಅದಕ್ಕೂ ಮೊದಲು, 2020ರ ಡಿಸೆಂಬರಿನಲ್ಲಿ ಪಾಲಿಕೆ ಕಚೇರಿಯ ಮುಂದೆ ನಮ್ಮ ಹಳದಿ ಕೆಂಪು ಬಾವುಟ ಏರಿತ್ತು. ಅದರ ಸುತ್ತ ದೊಡ್ಡ ಗದ್ದಲವೂ ಆಗಿತ್ತು. ಫಲಿತಾಂಶ ಬಂದಾಗ 58ರಲ್ಲಿ 35 ಬಿಜೆಪಿಗೆ. ದಶಕಗಳ ಕಾಲ ಪಾಲಿಕೆ ಆಳಿದ ಎಂಇಎಸ್ ಬೆರಳೆಣಿಕೆಗೆ ಇಳಿಯಿತು.

"ಕನ್ನಡ ಗೆದ್ದಿತು" ಎಂದು ನಾವು ಮತ್ತೆ ಪಟಾಕಿ ತಂದೆವು. ಗೆದ್ದದ್ದು ಪಕ್ಷ, ಬಂಧುಗಳೇ. ಎಂಇಎಸ್‌ಗೆ ಮತ ಹಾಕುತ್ತಿದ್ದ ಮರಾಠಿ ಮತದಾರ ಈ ಸಲ ರಾಷ್ಟ್ರೀಯ ಪಕ್ಷದ ಗುಂಡಿ ಒತ್ತಿದ. ನಮ್ಮ ಮಾತಿಗೆ ಮನಸೋತು ಒತ್ತಿದ್ದಲ್ಲ. ಗಡಿ ಗಡಿ ಎಂದು ಕೂಗುವವರಿಂದ ತನ್ನ ಓಣಿಗೆ ಏನೂ ಬರದು ಎಂದು ಅವನಿಗೆ ಅನಿಸಿರಬಹುದು. ಪಕ್ಷದ ಅಲೆ ಇರಬಹುದು. ಏನೇ ಇರಲಿ, ಆ ಲೆಕ್ಕವನ್ನು ನಮ್ಮ ಖಾತೆಗೆ ಜಮೆ ಮಾಡಿಕೊಳ್ಳುವುದು ಬೇಡ. ನಾಳೆ ಅಲೆ ತಿರುಗಿದರೆ ನಮ್ಮ ಖಾತೆ ಖಾಲಿ ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಆಮೇಲೆ ಏನಾಯಿತು ನೋಡಿ. 2021ರ ಸೆಪ್ಟೆಂಬರಿನಲ್ಲಿ ಗೆದ್ದ ಸದಸ್ಯರಿಗೆ ಮೇಯರ್ ಸಿಕ್ಕಿದ್ದು 2023ರ ಫೆಬ್ರವರಿ 6ರಂದು. ಹದಿನೇಳು ತಿಂಗಳು! ಜನ ಮತ ಹಾಕಿ ಹದಿನೇಳು ತಿಂಗಳು ಊರಿಗೆ ಮೇಯರ್ ಇಲ್ಲ. ಎಂಇಎಸ್ ಮೇಯರ್ ಕನ್ನಡ ವಿರೋಧಿ ಎಂದು ಬೀದಿಗಿಳಿದ ನಾವು, ಮೇಯರೇ ಇಲ್ಲದ ಹದಿನೇಳು ತಿಂಗಳಲ್ಲಿ ಎಷ್ಟು ದಿನ ಬೀದಿಗಿಳಿದೆವು? ಕೊನೆಗೆ ಶೋಭಾ ಸೋಮನಾಚೆ ಅವಿರೋಧವಾಗಿ ಮೇಯರ್ ಆದರು, ರೇಷ್ಮಾ ಪಾಟೀಲ್ ಉಪಮೇಯರ್ ಆದರು. ಇಬ್ಬರೂ ಮರಾಠಿ ಮಾತಾಡುವ ಬಿಜೆಪಿ ಸದಸ್ಯೆಯರು. 2024ರಲ್ಲಿ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಯಿತು, ಸವಿತಾ ಕಾಂಬಳೆ ಅವಿರೋಧ ಮೇಯರ್. 2025ರಲ್ಲಿ ಮಂಗೇಶ್ ಪವಾರ್.

ಒಂದು ಸಂಗತಿ ಗಮನಿಸಿ. ಮರಾಠಿ ಮನೆಮಾತಿನ ಮೇಯರ್ ಬಂದರು, ಬೆಳಗಾವಿ ಮಹಾರಾಷ್ಟ್ರಕ್ಕೆ ಹೋಗಲಿಲ್ಲ. ಕನ್ನಡ ಮನೆಮಾತಿನ ಮೇಯರ್ ಬಂದಿದ್ದರು, ಕಡತಗಳೆಲ್ಲ ರಾತ್ರೋರಾತ್ರಿ ಕನ್ನಡವಾಗಲಿಲ್ಲ. ಹಾಗಾದರೆ ಮೇಯರ್ ಮನೆಯಲ್ಲಿ ಯಾವ ಮಾತಾಡುತ್ತಾರೆ ಎಂಬುದು ಮುಖ್ಯವೋ, ಪಾಲಿಕೆಯ ಕೌಂಟರಿನಲ್ಲಿ ನಮಗೆ ಯಾವ ಭಾಷೆಯಲ್ಲಿ ರಸೀದಿ ಸಿಗುತ್ತದೆ ಎಂಬುದು ಮುಖ್ಯವೋ?

ಬೆಂಗಳೂರಿನ ಕನ್ನಡಿ

ಗಡಿಯವರ ಗೋಳು ಇದು, ನಮಗೇನು ಎಂದು ಬೆಂಗಳೂರಿನ ಗೆಳೆಯರು ಪುಟ ತಿರುವಬೇಡಿ. ನಿಮ್ಮ ಮನೆ ನೋಡಿಕೊಳ್ಳಿ. 2015ರಲ್ಲಿ ನಿಮ್ಮ 198 ವಾರ್ಡುಗಳಲ್ಲಿ 100 ಗೆದ್ದದ್ದು ಬಿಜೆಪಿ. ಕಾಂಗ್ರೆಸ್ 76, ಜನತಾದಳ 14. ಮೇಯರ್ ಆದದ್ದು ಯಾರು? ಕಾಂಗ್ರೆಸ್ಸಿನ ಮಂಜುನಾಥ ರೆಡ್ಡಿಯವರು. ದಳ ಮತ್ತು ಪಕ್ಷೇತರರ ಕೈ, ಜೊತೆಗೆ ಶಾಸಕರು ಸಂಸದರ ಮತ. ಕಾನೂನು ಪ್ರಕಾರ ಸರಿಯೇ. ಆದರೆ ವಾರ್ಡಿನ ಮತದಾರನ ಕೈಯಿಂದ ಮೇಯರ್ ಕುರ್ಚಿ ಎಷ್ಟು ದೂರ ಇದೆ ನೋಡಿ!

2020ರ ಸೆಪ್ಟೆಂಬರಿನಲ್ಲಿ ಆ ನಗರದ ಪರಿಷತ್ತಿನ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ವಾರ್ಡು ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು, ಹೊಸ ಕಾಯಿದೆ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆಯಿತು. ಹೊಸ ಕಾಯಿದೆಯಲ್ಲಿ ಮೇಯರ್ ಅವಧಿ ಎರಡೂವರೆ ವರ್ಷ. ಅವಧಿ ಹೆಚ್ಚಿದ್ದು ಒಳ್ಳೆಯದೇ. ಆದರೆ ಸ್ಥಳೀಯ ಸಂಸ್ಥೆಯ ಅವಧಿ ಐದು ವರ್ಷ, ವಿಸರ್ಜಿಸಿದರೆ ಆರು ತಿಂಗಳೊಳಗೆ ಚುನಾವಣೆ ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ದಿಲ್ಲಿ ನಮ್ಮ ಅಧಿಕಾರ ಕಸಿಯುತ್ತದೆ ಎಂದು ಕೂಗುವ ನಮ್ಮ ರಾಜ್ಯ ಸರ್ಕಾರಗಳು, ಯಾವ ಪಕ್ಷದ್ದೇ ಇರಲಿ, ಊರಿನ ಅಧಿಕಾರ ಕಸಿಯುವಾಗ ನಾವು ಬಾಯಿ ಬಿಟ್ಟೆವೇ?

ಅಭ್ಯರ್ಥಿಯನ್ನು ಏನು ಕೇಳಬೇಕು?

ಇನ್ನು ಮುಂದೆ ನಿಮ್ಮ ವಾರ್ಡಿಗೆ ಮತ ಕೇಳಲು ಬಂದವರನ್ನು, ಮೇಯರ್ ಆಗಬೇಕೆಂದು ಕನಸು ಕಾಣುವವರನ್ನು, "ನೀವು ಯಾವ ಭಾಷೆಯವರು?" ಎಂದು ಕೇಳಿ ಅಲ್ಲಿಗೇ ನಿಲ್ಲಿಸಬೇಡಿ. ಈ ಐದು ಪ್ರಶ್ನೆ ಕೇಳಿ.

ಒಂದು: 1963ರ ರಾಜಭಾಷಾ ಕಾಯಿದೆಯಿಂದ ಕನ್ನಡ ಈ ರಾಜ್ಯದ ಆಡಳಿತ ಭಾಷೆ. ನಿಮ್ಮ ಪಾಲಿಕೆಯ ಸಭಾ ಸೂಚನೆ, ನಡಾವಳಿ, ತೆರಿಗೆ ಚೀಟಿ, ಟೆಂಡರು ಎಲ್ಲ ಕನ್ನಡದಲ್ಲಿ ಬರುವಂತೆ ಪ್ರತಿ ಸಭೆಯಲ್ಲಿ ಎದ್ದು ನಿಂತು ಕೇಳುತ್ತೀರಾ?

ಎರಡು: ಅಂಗಡಿ ಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾಯಿದೆ ತಿದ್ದುಪಡಿ ಆಯಿತು. ಅಂಗಡಿಗೆ ಪರವಾನಗಿ ಕೊಡುವುದು ಪಾಲಿಕೆ. ನಾವು ಬೋರ್ಡಿಗೆ ಮಸಿ ಬಳಿದು ಕೇಸು ಹಾಕಿಸಿಕೊಳ್ಳುವ ಬದಲು, ಪರವಾನಗಿ ನವೀಕರಿಸುವಾಗಲೇ ಅದನ್ನು ನೋಡುವಂತೆ ಮಾಡುತ್ತೀರಾ?

ಮೂರು: ಮೂರು ಲಕ್ಷ ಜನಸಂಖ್ಯೆ ಮೀರಿದ ನಗರದಲ್ಲಿ ವಾರ್ಡು ಸಮಿತಿ ಇರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. 2011ರ ಜನಗಣತಿಯಲ್ಲೇ ಬೆಳಗಾವಿಯ ಜನಸಂಖ್ಯೆ ಸುಮಾರು 4.9 ಲಕ್ಷ. ನಿಮ್ಮ ವಾರ್ಡಿನಲ್ಲಿ ಸಮಿತಿ ಸಭೆ ಕರೆದು, ಲೆಕ್ಕ ಕನ್ನಡದಲ್ಲಿ ಓದುತ್ತೀರಾ?

ನಾಲ್ಕು: ರಕ್ಕಸಕೊಪ್ಪದ ನೀರು, ಹಿಡಕಲ್ ಅಣೆಕಟ್ಟಿನ ನೀರು ಊರಿಗೆ ಬರುತ್ತದೆ. ನಮ್ಮ ಓಣಿಗೆ ಎಷ್ಟು, ಯಾವಾಗ ಎಂದು ಬರೆದು ವಾರ್ಡಿನ ಗೋಡೆಗೆ ಹಚ್ಚಿಸುತ್ತೀರಾ?

ಐದು: ಪಕ್ಷ ಒಂದು ಹೇಳಿ, ವಾರ್ಡು ಒಂದು ಹೇಳಿದರೆ ಯಾರ ಮಾತು ಕೇಳುತ್ತೀರಿ?

ಉತ್ತರವನ್ನು ಬರೆಸಿಕೊಳ್ಳಿ. ಗೆದ್ದ ಮೇಲೆ ಆ ಕಾಗದ ಹಿಡಿದು ಹೋಗಿ. ಈ ಐದು ಪ್ರಶ್ನೆಗೆ ಒಬ್ಬ ಮರಾಠಿ ಮನೆಮಾತಿನ ಸದಸ್ಯ ಹೌದು ಎಂದು, ಮಾಡಿ ತೋರಿಸಿದರೆ ಅವನು ಕನ್ನಡದ ಕೆಲಸ ಮಾಡಿದವನು. ನಮ್ಮವನೇ ಒಬ್ಬ ಶಲ್ಯ ಹೊದ್ದು ಇಲ್ಲ ಎಂದರೆ, ಶಲ್ಯ ತೆಗೆದಿಟ್ಟು ಹೋಗು ಎನ್ನಿ.

ಮರಾಠಿ ಅಕ್ಕನಿಗೆ ಒಂದು ಮಾತು

ಇದನ್ನು ಹೇಳದೆ ನಾನು ಇಳಿಯುವುದಿಲ್ಲ. ಬೆಳಗಾವಿಯಲ್ಲಿ ಎಷ್ಟೋ ಮನೆಗಳಲ್ಲಿ ಅತ್ತೆಯದು ಒಂದು ಮಾತು, ಸೊಸೆಯದು ಇನ್ನೊಂದು. ಸಂತೆಯಲ್ಲಿ ಚೌಕಾಸಿ ಎರಡೂ ಭಾಷೆಯಲ್ಲಿ ನಡೆಯುತ್ತದೆ. ಆ ಮರಾಠಿ ಅಕ್ಕ ನಮ್ಮ ವೈರಿಯಲ್ಲ. ಅವಳ ಮಗ ಈ ರಾಜ್ಯದಲ್ಲೇ ನೌಕರಿ ಹುಡುಕಬೇಕು, ಅವಳ ಖಾತೆ ಉತಾರ ಈ ಸರ್ಕಾರದಿಂದಲೇ ಬರಬೇಕು. ಕನ್ನಡ ಕಲಿತರೆ ಅವಳಿಗೆ ಲಾಭ. ಆ ಲಾಭವನ್ನು ಅವಳಿಗೆ ಮುಟ್ಟಿಸಲು ನಾವು ಎಷ್ಟು ಕನ್ನಡ ಕಲಿಸುವ ತರಗತಿ ತೆರೆದೆವು? ಅವಳ ಭಯವನ್ನು ಬಂಡವಾಳ ಮಾಡಿಕೊಂಡವರು ಎಂಇಎಸ್‌ನವರು. ಆ ಭಯಕ್ಕೆ ಬಡ್ಡಿ ಕಟ್ಟಿದವರು ನಾವು.

ಕನ್ನಡದ ಹಕ್ಕಿನಲ್ಲಿ ಒಂದು ಎಳೆಯನ್ನೂ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಬೆಳಗಾವಿ ನಮ್ಮದು. 2012ರಲ್ಲಿ ಅಲ್ಲಿ ಸುವರ್ಣ ವಿಧಾನಸೌಧ ಎದ್ದಿತು. 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು. ಕಟ್ಟಡ ಎದ್ದಿತು, ಹೆಸರು ಬಂತು. ಇನ್ನು ಉಳಿದಿರುವುದು ದಿನನಿತ್ಯದ ಕೆಲಸ. ಅದರಲ್ಲಿ ಮೆರವಣಿಗೆ ಇಲ್ಲ, ಫೋಟೋ ಇಲ್ಲ. ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗುವುದು, ಹೆಸರು ಬಿಟ್ಟುಹೋದವರ ಅರ್ಜಿ ತುಂಬಿಸುವುದು, ಪಾಲಿಕೆಯ ಬಜೆಟ್ ಪುಸ್ತಕ ತಂದು ಓದುವುದು, ವಾರ್ಡಿನಿಂದ ನಮ್ಮವರೇ ಆದ ಓದಿದ ಹೆಣ್ಣುಮಗಳನ್ನು, ದಲಿತ ಹುಡುಗನನ್ನು ಅಭ್ಯರ್ಥಿಯಾಗಿ ತಯಾರು ಮಾಡುವುದು. ಮೀಸಲಾತಿಯ ಸರದಿ ಯಾವಾಗ ಯಾರಿಗೆ ಬರುತ್ತದೋ ಗೊತ್ತಿಲ್ಲ. ಬಂದಾಗ ನಮ್ಮಲ್ಲಿ ಜನ ಇರಬೇಕು. 2018 ನಮಗೆ ಕಲಿಸಿದ ಪಾಠ ಅದೇ.

ಆ ಅಜ್ಜಿಗೆ ಉತ್ತರ ಕೊಡಲು ಆಮೇಲೆ ನಾನು ಹೋದೆ. ಕಾಯಿದೆ ಓದಿ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋದೆ: ನಳದ ಮಾತು ಮೊದಲು ವಾರ್ಡಿನ ಸದಸ್ಯರಿಗೆ, ಬರವಣಿಗೆಯಲ್ಲಿ ಇಂಜಿನಿಯರಿಗೆ, ಉತ್ತರ ಬರದಿದ್ದರೆ ಆಯುಕ್ತರಿಗೆ, ಆಮೇಲೆ ಪರಿಷತ್ತಿನ ಸಭೆಗೆ. ಆಕೆ ಅಲ್ಲಿ ಇರಲಿಲ್ಲ. ಆ ಜಾಗದಲ್ಲಿ ಬೇರೆ ಯಾರೋ ಬುಟ್ಟಿ ಇಟ್ಟಿದ್ದರು. ಚೀಟಿ ಇನ್ನೂ ನನ್ನ ಜೇಬಿನಲ್ಲಿದೆ.

ಅದನ್ನು ಈಗ ನಿಮ್ಮ ಕೈಗೆ ಕೊಡುತ್ತಿದ್ದೇನೆ. ನಿಮ್ಮ ಓಣಿಯಲ್ಲೂ ಅಂಥ ಒಬ್ಬ ಅಜ್ಜಿ ಇದ್ದಾಳೆ. ಮುಂದಿನ ಮೇಯರ್ ಚುನಾವಣೆಯ ದಿನ ಪಟಾಕಿ ಸರ ತರುವ ಮೊದಲು ಆಕೆಯ ಹತ್ತಿರ ಹೋಗಿ.

ಜೈ ಕರ್ನಾಟಕ!